ಇಮ್ಮಡಿ ವಂಶದ ಮೀನುಗಳು: ತಿಂಥಣಿಯ ಕೃಷ್ಣಾತೀರದಿಂದ ಒಂದು ವಿಚಾರ

ಸುರಪುರ ತಾಲ್ಲೂಕಿನ ತಿಂಥಣಿಯು ಕೃಷ್ಣಾನದಿಯ ಎಡದಂಡೆಯ ಮೇಲಿರುವ ಗ್ರಾಮ. ಹಿಂದೂಗಳೂ ಮುಸಲ್ಮಾನರೂ ಸಮಾನ ಭಕ್ತಿಯಿಂದ ನಡೆದುಕೊಳ್ಳುವ ಮೌನೇಶ್ವರನ ಗುಡಿಯಿಂದ ಈ ಊರು ಕನ್ನಡ ನಾಡಿನಲ್ಲೆಲ್ಲ ಹೆಸರಾಗಿರುವುದು. ನಾವು ಅಲ್ಲಿಗೆ ಹೋದುದು ಮೌನೇಶ್ವರನ ವಚನಗಳ ಪಾಠಭೇದಗಳನ್ನು ಅರಸಿಕೊಂಡು. ಹಿಂದಿರುಗಿದುದು ಮೀನಿನ ವಿಚಾರವನ್ನು ತಲೆಯಲ್ಲಿ ತುಂಬಿಕೊಂಡು. ಇತಿಹಾಸದ ಅಧ್ಯಾಪಕರಿಗೆ ಮೀನಿನ ಗೊಡವೆಯೇಕೆಂದು ವಾಚಕರು ಕೇಳಿದರೆ ಅದು ಸಹಜವೇ. ಪಾಠಭೇದವೂ ಮೀನೂ ನಾವು ಎಣಿಸಿದಷ್ಟು ದೂರದ ವಿಷಯಗಳಲ್ಲವೆಂದು ತೋರಿಸುವುದು ಈ ಲೇಖನದ ಉದ್ದೇಶಗಳಲ್ಲೊಂದು.

ಸೇತುವೆಯ ಬಳಿ ಅಂಬಿಗರ ಮುದುಕರೊಬ್ಬರು ಬೆಳಗಿನ ಬಲೆಗೆ ಬಿದ್ದ ಮೀನುಗಳನ್ನು ಗೋಣಿತಟ್ಟಿನ ಮೇಲೆ ಹರವಿಕೊಂಡು ಕುಳಿತಿದ್ದರು. ಎರಡು ಗುಂಪುಗಳಾಗಿ ಬೇರ್ಪಡಿಸಿದ್ದುದನ್ನು ಕಂಡು ಕಾರಣ ಕೇಳಿದೆವು. “ಇವು ಸರ್ಕಾರಿ ಮೀನ್ರಿ ಸರ, ಮರಿ ತಂದು ಬಿಟ್ಟಿದ್ದು. ಇವು ಹೊಳಿ ಮೀನ” ಎಂದರು. ಪ್ರಾಣಿಶಾಸ್ತ್ರದ ಗ್ರಂಥಗಳು ಪುಟಗಟ್ಟಲೆ ಬರೆಯುವ ದೇಶ್ಯ ವಿದೇಶ್ಯ ವಿವೇಚನೆಯನ್ನು ಅವರು ಎರಡು ಮಾತಿನಲ್ಲಿ ಮುಗಿಸಿದ್ದರು. ‘ಸರ್ಕಾರಿ’ ಗುಂಪಿನಲ್ಲಿ ರೋಹು ಮೀನುಗಳಿದ್ದವು. ಸಾಮಾನ್ಯ ಗೆಂಡೆಗಳೂ ಇದ್ದವು. ಎರಡಕ್ಕೂ ದೊಡ್ಡ ಶಲ್ಕಗಳು. ಎರಡೂ ಗೆಂಡೆಯ ಕುಟುಂಬದವೇ. ಕೊಳ್ಳುವವರಿಗೆ ದರದಲ್ಲಿ ಹೊರತು ಬೇರೆ ವ್ಯತ್ಯಾಸ ತೋರದು. ಆದರೆ ಜೀವಕೋಶದೊಳಗೆ ಹೊಕ್ಕು ನೋಡಿದರೆ ರೋಹುವಿನಲ್ಲಿ 50 ವರ್ಣತಂತುಗಳು, ಸಾಮಾನ್ಯ ಗೆಂಡೆಯಲ್ಲಿ 100. ಕೃಷ್ಣಾ ಕಣಿವೆಯ ಸ್ವಂತ ಮೀನಾದ ಮಹಶೀರಿನಲ್ಲಿಯೂ 100. ಒಂದೇ ಕುಟುಂಬದಲ್ಲಿ ಕೆಲವರ ಆಸ್ತಿ ಸರಿಯಾಗಿ ಇಮ್ಮಡಿಯಾಗಿರುವುದು ಹೇಗೆ?

ಒಂದು ಜೀವಿಯ ವಂಶವಾಹಿಗಳ ಪೂರ್ಣ ಸಮುದಾಯವನ್ನು ಶಾಸ್ತ್ರಜ್ಞರು ಜೀನೋಮ್ ಎಂದು ಕರೆಯುತ್ತಾರೆ. ಸಾಮಾನ್ಯವಾಗಿ ಪ್ರಾಣಿಗಳಲ್ಲಿ ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಕಟ್ಟು ವರ್ಣತಂತುಗಳಿರುತ್ತವೆ. ಎಲ್ಲಿಯೋ ಒಂದೆಡೆ ಈ ಸಮುದಾಯ ಪೂರ್ತಿಯಾಗಿ ನಕಲಾಗಿ, ಎರಡರ ಬದಲು ನಾಲ್ಕು ಕಟ್ಟುಗಳು ಸಂತಾನಕ್ಕೆ ದಾಟಿಬಂದರೆ ಅದೇ ಜೀನೋಮಿನ ಇಮ್ಮಡಿಕೆ. ಸಸ್ಯಗಳಲ್ಲಿ ಇದು ವಿರಳವಲ್ಲ. ನಾವು ಉಣ್ಣುವ ಗೋದಿಯೂ ಉಡುವ ಹತ್ತಿಯೂ ಇದಕ್ಕೆ ಸಾಕ್ಷಿ. ಪ್ರಾಣಿಗಳಲ್ಲಿ ಮಾತ್ರ ಅಪರೂಪ. ಗಂಡುಹೆಣ್ಣುಗಳನ್ನು ನಿರ್ಧರಿಸುವ ವರ್ಣತಂತುಗಳ ಲೆಕ್ಕ ತಪ್ಪಿಹೋಗುವುದು ಇದಕ್ಕೆ ಒಂದು ಕಾರಣವೆಂದು 1925ರಲ್ಲಿ ಅಮೆರಿಕೆಯ ಮುಲ್ಲರ್ ವಾದಿಸಿದ್ದನು. ಗೆಂಡೆಗಳ ಬಳಗದಲ್ಲಿ ಅಂತಹ ವರ್ಣತಂತುಗಳು ಉಳಿದವುಗಳಿಂದ ಅಷ್ಟಾಗಿ ಭಿನ್ನವಾಗಿಲ್ಲ. ಅಲ್ಲದೆ ಮೊಟ್ಟೆಯೂ ವೀರ್ಯವೂ ಬಯಲು ನೀರಿನಲ್ಲಿ ಕೂಡುವುದರಿಂದ ಒಂದು ಜಾತಿಯದು ಇನ್ನೊಂದು ಜಾತಿಯದರೊಡನೆ ಬೆರೆಯುವ ಅವಕಾಶವೂ ಹೆಚ್ಚು. ಇಮ್ಮಡಿಕೆಗೆ ಹೊಳೆ ಒಳ್ಳೆಯ ಮನೆ.

ಬೆರಕೆಯೇ ಈ ಕಥೆಯ ಆರಂಭವೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಕುದುರೆಗೆ 64 ವರ್ಣತಂತುಗಳು, ಕತ್ತೆಗೆ 62. ಇವೆರಡಕ್ಕೆ ಹುಟ್ಟಿದ ಹೇಸರಗತ್ತೆ ಗಟ್ಟಿಮುಟ್ಟಾದ ಪ್ರಾಣಿಯಾದರೂ ಅದಕ್ಕೆ ಸಾಮಾನ್ಯವಾಗಿ ಸಂತಾನವಿಲ್ಲ. ತಾಯಿಯ ಕಡೆಯ ವರ್ಣತಂತುಗಳಿಗೆ ತಂದೆಯ ಕಡೆ ಸರಿಯಾದ ಜೋಡಿ ದೊರೆಯುವುದಿಲ್ಲ. ಇಂತಹ ಬೆರಕೆಯ ಮರಿಯಲ್ಲಿ ಎಲ್ಲ ವರ್ಣತಂತುಗಳೂ ಒಮ್ಮೆ ಇಮ್ಮಡಿಯಾದರೆ ಪ್ರತಿಯೊಂದಕ್ಕೂ ತನ್ನದೇ ಪ್ರತಿರೂಪ ಜೋಡಿಯಾಗಿ ಸಿಗುತ್ತದೆ, ಬಂಜೆತನ ನೀಗುತ್ತದೆ. ಸಾಮಾನ್ಯ ಗೆಂಡೆ ಹುಟ್ಟಿದ ಬಗೆಯೂ ಇದೇ. ಅದರ ಜೀನೋಮನ್ನು ಚೀನದ ವಿದ್ವಾಂಸರು 2014ರಲ್ಲಿ ಓದಿ ಪ್ರಕಟಿಸಿದರು. ಅದರಲ್ಲಿ 52,610 ವಂಶವಾಹಿಗಳನ್ನು ಎಣಿಸಲಾಯಿತು; ನಮ್ಮ ದೇಶದ ಹಳ್ಳಕೊಳ್ಳಗಳಲ್ಲಿರುವ ಪಟ್ಟೆಯ ಚಿಕ್ಕ ಮೀನು ಜೀಬ್ರಾಮೀನಿನಲ್ಲಿ 2013ರ ಎಣಿಕೆಯಂತೆ 26,206. ಗೆಂಡೆಯ ಸಮುದಾಯದಲ್ಲಿ ಎರಡು ಬೇರೆ ಬೇರೆ ಪೂರ್ವಜರ ಪಾಲುಗಳನ್ನು ಈಗಲೂ ಪ್ರತ್ಯೇಕವಾಗಿ ಗುರುತಿಸಬಹುದಾಗಿದೆ. ಈ ಕೂಡಿಕೆ ನಡೆದ ಕಾಲವನ್ನು ಒಂದು ಗಣನೆ ಸುಮಾರು 80 ಲಕ್ಷ ವರ್ಷಗಳ ಹಿಂದೆ ಎಂದಿಟ್ಟರೆ ಇನ್ನೊಂದು ಸುಮಾರು 1 ಕೋಟಿ 24 ಲಕ್ಷ ವರ್ಷಗಳಷ್ಟು ಹಿಂದಕ್ಕೆ ಒಯ್ಯುತ್ತದೆ. ಗೆಂಡೆಯ ಕುಟುಂಬದಲ್ಲಿ ಇಂತಹ ಇಮ್ಮಡಿಕೆ ಒಮ್ಮೆಯೇ ನಡೆದುದಲ್ಲ. ಬೇರೆ ಬೇರೆ ಶಾಖೆಗಳಲ್ಲಿ ಹಲವು ಸಲ ನಡೆದಿದೆ. ಆಫ್ರಿಕದ ನದಿಗಳಲ್ಲಿರುವ ಮಹಶೀರಿನ ದಾಯಾದಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 150ರಷ್ಟು ವರ್ಣತಂತುಗಳನ್ನು ಹೊತ್ತಿರುವುವು.

ಕೋಟಿ ವರ್ಷಗಳ ಮಾತು ನಮ್ಮಂಥವರಿಗೆ ಸುಲಭವಾಗಿ ಕೈಗೆ ಸಿಕ್ಕುವಂಥದಲ್ಲ. ಆದುದರಿಂದ ತಿಂಥಣಿಯ ಸುತ್ತಲೇ ಅಳತೆಗೋಲು ಹುಡುಕುವುದು ಲೇಸು. ಹೊಳೆಯಾಚೆಗಿರುವ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನಕ್ಕೆ ಸುಮಾರು 2,250 ವರ್ಷ. ಹೊಳೆಯೀಚೆಯ ಹುಣಸಗಿಯ ಕಣಿವೆಯಲ್ಲಿ, ಇಸಾಂಪುರದ ಬಳಿ, ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯನವರು ಅಗೆದು ತೋರಿಸಿದ ಆದಿಶಿಲಾಯುಗದ ಕಲ್ಲಾಯುಧಗಳ ನೆಲೆಗೆ ಸುಮಾರು 12 ಲಕ್ಷ ವರ್ಷ. ನಮ್ಮ ಶಾಸ್ತ್ರ ಈ ಪ್ರಾಂತದಲ್ಲಿ ಮುಟ್ಟಬಲ್ಲ ಕೊನೆಯ ಮೆಟ್ಟಿಲು ಅದು. ಗೆಂಡೆಯ ಇಮ್ಮಡಿಕೆ ಅದಕ್ಕಿಂತ ಹತ್ತು ಪಾಲು ಹಳೆಯದಿರಬಹುದು. ಆದರೂ ಮೀನುಗಳ ಲೆಕ್ಕದಲ್ಲಿ ಅದು ನಿನ್ನೆಯ ಸಂಗತಿ. ಸಾಲ್ಮನ್ ಮೀನುಗಳ ಇಮ್ಮಡಿಕೆ 8 ರಿಂದ 10 ಕೋಟಿ ವರ್ಷಗಳ ಹಿಂದಿನದು. ರೋಹುವನ್ನೂ ಒಳಗೊಂಡು ಇಂದಿನ ಬಹುತೇಕ ಎಲುಬುಮೀನುಗಳ ಸಾಮಾನ್ಯ ಪೂರ್ವಜನಲ್ಲಿ ಸುಮಾರು 32 ರಿಂದ 35 ಕೋಟಿ ವರ್ಷಗಳ ಹಿಂದೆಯೇ ಒಮ್ಮೆ ಎಲ್ಲವೂ ಇಮ್ಮಡಿಸಿತ್ತು.

ನಕಲಿನಿಂದ ಏನು ಪ್ರಯೋಜನ? ಇಂಗ್ಲೆಂಡಿನಲ್ಲಿ ಹುಟ್ಟಿ 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯ ಪೌರನಾಗಿ 1964ರಲ್ಲಿ ಭುವನೇಶ್ವರದಲ್ಲಿ ಮಡಿದ ಜೆ. ಬಿ. ಎಸ್. ಹಾಲ್ಡೇನನು 1930ರ ದಶಕದಷ್ಟು ಹಿಂದೆಯೇ ಈ ಪ್ರಶ್ನೆಯನ್ನು ಮುಟ್ಟಿದ್ದನು. ಅದನ್ನು ವ್ಯವಸ್ಥಿತವಾಗಿ ಬೆಳೆಸಿದ ಕೀರ್ತಿ ಅಮೆರಿಕೆಯಲ್ಲಿ ನೆಲಸಿದ್ದ ಜಪಾನೀ ವಿದ್ವಾಂಸ ಸುಸುಮು ಓನೊನದು. ಆತನೂ ಆತನ ಸಂಗಡಿಗರೂ 1967ರಲ್ಲಿ ಗೆಂಡೆಯ ಕುಟುಂಬದಲ್ಲಿಯೇ ಎರಡು ಕಟ್ಟಿನವು ನಾಲ್ಕು ಕಟ್ಟಿನವು ಎಂಬ ಭೇದವನ್ನು ಅಳೆದು ತೋರಿಸಿದರು. 1970ರ ತನ್ನ ಗ್ರಂಥದಲ್ಲಿ ಓನೊ ಹೇಳಿದುದರ ಸಾರ ಇಷ್ಟು: ಒಂದೇ ಪ್ರತಿಯಿರುವಾಗ ವಂಶವಾಹಿ ತನ್ನ ಕೆಲಸಕ್ಕೆ ಕಟ್ಟುಬಿದ್ದಿರುತ್ತದೆ, ತಪ್ಪಿದರೆ ಜೀವಿಯೇ ಉಳಿಯದು. ಎರಡು ಪ್ರತಿಗಳಾದಾಗ ಒಂದು ಹಳೆಯ ಕೆಲಸವನ್ನು ನೋಡಿಕೊಳ್ಳುತ್ತದೆ; ಇನ್ನೊಂದು ಬದಲಾಗಲು ಸ್ವತಂತ್ರವಾಗುತ್ತದೆ. ಬಹುತೇಕ ಅದು ಕೆಟ್ಟು ಅಳಿಯುವುದು. ಅಪರೂಪಕ್ಕೆ ಹೊಸ ಕೆಲಸವೊಂದನ್ನು ಕಲಿಯುವುದು. 1999ರಲ್ಲಿ ಫೋರ್ಸ್, ಲಿಂಚ್ ಮೊದಲಾದವರು ಮೂರನೆಯ ಗತಿಯೊಂದನ್ನು ಸೇರಿಸಿದರು: ಎರಡು ಪ್ರತಿಗಳೂ ಸ್ವಲ್ಪಸ್ವಲ್ಪ ಕೆಟ್ಟು, ಅಣ್ಣತಮ್ಮಂದಿರು ಹೊಲ ಪಾಲುಮಾಡಿಕೊಳ್ಳುವಂತೆ, ಹಳೆಯ ಕೆಲಸವನ್ನೇ ಹಂಚಿಕೊಳ್ಳಬಹುದು. ಹಾಗಾದ ಮೇಲೆ ಇಬ್ಬರಲ್ಲಿ ಯಾರನ್ನೂ ಕಳೆದುಕೊಳ್ಳುವಂತಿಲ್ಲ.

ಗ್ರಂಥಸಂಪಾದನೆಯ ಪರಿಚಯವುಳ್ಳ ವಾಚಕರಿಗೆ ಇದು ಹೊಸತೆನಿಸದು. ಒಂದೇ ಓಲೆಯ ಪ್ರತಿ ಇರುವ ಕಾವ್ಯವನ್ನು ಮಠದವರು ಕೈ ನಡುಗುತ್ತ ಕಾಯುತ್ತಾರೆ. ಎರಡು ಪ್ರತಿಗಳಾದರೆ ಒಂದು ಗೂಡಿನಲ್ಲುಳಿದು ಇನ್ನೊಂದು ಊರೂರು ತಿರುಗುತ್ತದೆ. ಲಿಪಿಕಾರರ ಕೈತಪ್ಪುಗಳೂ ಹಾಡುವವರ ಸೇರ್ಪಡೆಗಳೂ ಅದರಲ್ಲಿ ಕೂಡುತ್ತವೆ. ಸಂಪಾದಕನು ಈ ತಪ್ಪುಗಳನ್ನೇ ಹಿಡಿದು ಯಾವ ಪ್ರತಿ ಯಾವುದರಿಂದ ಇಳಿದುಬಂದಿತೆಂದು ನಿರ್ಣಯಿಸುತ್ತಾನೆ. ಮೀನಿನ ಜೀನೋಮನ್ನು ಓದುವವರೂ ಮಾಡುವುದು ಇದನ್ನೇ. ಆದರೆ ಸಾದೃಶ್ಯವನ್ನು ಮಿತಿಮೀರಿ ಎಳೆಯಬಾರದು. ಲಿಪಿಕಾರನಿಗೆ ಉದ್ದೇಶವುಂಟು, ಹೊಳೆಗಿಲ್ಲ.

ತತ್ತ್ವವನ್ನು ಒಂದು ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ಸಾಮಾನ್ಯ ಗೆಂಡೆಯಲ್ಲಿ ಕನ್ನಡಿ ಗೆಂಡೆಯೆಂಬ ಒಂದು ತಳಿಯಿದೆ. ಯೂರೋಪಿನ ಕೊಳಗಳಲ್ಲಿ ಸಾಕಿ ಆರಿಸಿ ಬೆಳೆಸಿದ್ದು. ಮೈಯೆಲ್ಲ ಬೋಳಾಗಿ ಅಲ್ಲಲ್ಲಿ ಕೆಲವು ದೊಡ್ಡ ಹೊಳೆಯುವ ಶಲ್ಕಗಳು ಮಾತ್ರ ಇರುವುವು. ಶಲ್ಕಗಳ ಬೆಳವಣಿಗೆಗೆ ಬೇಕಾದ ವಂಶವಾಹಿಯೊಂದು ಇದರಲ್ಲಿ ಕೆಟ್ಟಿರುವುದೆಂದು 2009ರಲ್ಲಿ ರೋನರ್ ಮತ್ತು ಸಂಗಡಿಗರು ಕಂಡುಹಿಡಿದರು. ಈ ವಂಶವಾಹಿಗೆ ಭ್ರೂಣದ ಬೆಳವಣಿಗೆಯಲ್ಲಿಯೂ ಮುಖ್ಯ ಪಾತ್ರವುಂಟು; ಇಲಿಯಲ್ಲಿ ಅದು ಪೂರ್ತಿ ಕೆಟ್ಟರೆ ಭ್ರೂಣವೇ ಉಳಿಯದು. ಗೆಂಡೆಯಲ್ಲಾದರೋ ಭ್ರೂಣದ ಕೆಲಸವನ್ನು ನಕಲು ಪ್ರತಿ ನಿರ್ವಹಿಸುವುದರಿಂದ ಮೀನು ಬದುಕಿ ಶಲ್ಕಗಳನ್ನಷ್ಟೇ ಕಳೆದುಕೊಳ್ಳುತ್ತದೆ. ಅಡಿಗೆಯವರಿಗೆ ಇದರಿಂದ ಅನುಕೂಲವೇ ಆಯಿತು. ಪ್ರಾಣಕ್ಕೆ ಅಪಾಯವಿಲ್ಲದೆ ರೂಪ ಬದಲಾಗಲು ಇಮ್ಮಡಿಕೆ ಎಡೆಮಾಡಿಕೊಟ್ಟಿತೆಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ನಿದರ್ಶನ ನಮಗೆ ತಿಳಿದಿಲ್ಲ.

ಶಲ್ಕದ ಮಾತು ಬಂದುದರಿಂದ ಕಲ್ಯಾಣದ ಕಡೆಗೊಮ್ಮೆ ತಿರುಗಬೇಕಾಗಿದೆ. ತಿಂಥಣಿಯ ಸುತ್ತಣ ನಾಡು ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ ಮುಮ್ಮಡಿ ಸೋಮೇಶ್ವರನು ಕ್ರಿ. ಶ. 1130ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೊಂದುಂಟು. ಮೀನುಗಳನ್ನು ಕಡಲಿನವು ಹೊಳೆಯವು, ಶಲ್ಕವುಳ್ಳವು ಶಲ್ಕವಿಲ್ಲದವು ಎಂದು ವಿಂಗಡಿಸಿ, ಯಾವುದಕ್ಕೆ ಯಾವ ಇರೆ, ಎಂತಹ ಗಾಳವೆಂಬುದನ್ನೂ ಆತನು ವಿವರಿಸುತ್ತಾನೆ. ಈ ಪ್ರಕರಣದ ಮಹತ್ತ್ವವನ್ನು 1951ರಲ್ಲಿ ವಿದ್ವತ್ ಪ್ರಪಂಚಕ್ಕೆ ತಿಳಿಸಿದವರು ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ್ ಹೋರಾ ಅವರು. ನಮ್ಮ ಇತಿಹಾಸ ಪಠ್ಯಗಳು ಸೋಮೇಶ್ವರನನ್ನು ‘ಸರ್ವಜ್ಞ ಚಕ್ರವರ್ತಿ’ಯೆಂದು ಹೊಗಳಿ ಮುಂದೆ ಸಾಗುವುವು, ಆತನು ಕಣ್ಣಿಟ್ಟು ನೋಡಿದುದನ್ನು ನಾವು ಅಷ್ಟಾಗಿ ಓದುವುದಿಲ್ಲ. ಆತನ ವಿಂಗಡಣೆಗೆ ಆಧಾರ ಹೊರಗಣ್ಣಿಗೆ ಕಾಣುವ ಲಕ್ಷಣ. ಏಳು ಶತಮಾನಗಳ ಮೇಲೆ ಬಂದ ಕರ್ನಲ್ ಸೈಕ್ಸನಿಗೂ ಬೇರೆ ಆಧಾರವಿರಲಿಲ್ಲ.

ವಿಲಿಯಂ ಹೆನ್ರಿ ಸೈಕ್ಸ್ ಮುಂಬಯಿ ಸೈನ್ಯದ ಅಧಿಕಾರಿ. ಭೀಮಾನದಿ ಮತ್ತು ಅದರ ಉಪನದಿಗಳ ಮೀನುಗಳನ್ನು ಸಂಗ್ರಹಿಸಿ, ‘ದಖ್ಖಣದ ಮೀನುಗಳು’ ಎಂಬ ವಿಷಯವಾಗಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಪ್ರಕಟಣೆಗಳಲ್ಲಿ 1839ರಲ್ಲಿ ಸಂಗ್ರಹವಾಗಿಯೂ 1841ರಲ್ಲಿ ಚಿತ್ರಗಳೊಡನೆ ವಿಸ್ತಾರವಾಗಿಯೂ ಬರೆದನು. ಅದೇ 1841ರಲ್ಲಿ ಮೆಡೋಸ್ ಟೇಲರ್ ಸುರಪುರಕ್ಕೆ ಬಂದನೆಂಬುದು ಈ ಕಡೆಯ ವಾಚಕರಿಗೆ ನೆನಪಿರಬಹುದು. ಸೈಕ್ಸನ ಭೀಮೆ ಇಂದಿನ ಯಾದಗಿರಿ ಜಿಲ್ಲೆಯಲ್ಲಿ ಹರಿದು ತಿಂಥಣಿಗಿಂತ ಕೆಳಗೆ ಕೃಷ್ಣೆಯನ್ನು ಕೂಡುತ್ತದೆ. ಆದುದರಿಂದ ಆತನ ಮೀನುಗಳು ನಮ್ಮ ನದಿಯ ಮೀನುಗಳೇ. ಆತನ ಒಂದು ಒಳ್ಳೆಯ ಗುಣವೆಂದರೆ ಬೆಸ್ತರು ಹೇಳಿದ ಹೆಸರನ್ನೇ ಲ್ಯಾಟಿನ್ ನಾಮಕ್ಕೆ ಅಂಟಿಸಿದುದು: ಖುದ್ರೀ, ಮಸುಲ್ಲಾ, ಕೋಲುಸ್, ನುಕ್ತಾ, ಪೊಟೇಲ್. ದಖ್ಖಣವನ್ನು ‘ದುಖುನ್’ ಎಂದು ಬರೆದ ಆತನು ಹ್ರಸ್ವ ಅಕಾರಕ್ಕೆ ಇಂಗ್ಲಿಷಿನ ಉಕಾರವನ್ನು ಬಳಸುವವನು. ಅಂದಮೇಲೆ ‘ಖುದ್ರೀ’ ಬೆಸ್ತರ ಬಾಯಲ್ಲಿ ‘ಖದ್ರೀ’ ಅಥವಾ ಅದಕ್ಕೆ ಹತ್ತಿರದ ಶಬ್ದವಾಗಿದ್ದಿರಬೇಕೆಂಬುದು ನಮ್ಮ ಊಹೆ.

ಈ ಖುದ್ರೀಯೇ ಇಂದು ‘ಟಾರ್ ಖುದ್ರೀ’ ಎನಿಸಿಕೊಂಡಿರುವ ನೀಲಿ ರೆಕ್ಕೆಯ ಮಹಶೀರ್. ಸೈಕ್ಸ್ ಅದರ ಮೀಸೆ, ರೆಕ್ಕೆ, ಶಲ್ಕಗಳನ್ನು ಕಂಡಿದ್ದನು. ಅದರೊಳಗೆ 100 ವರ್ಣತಂತುಗಳು ಅಡಗಿರುವುದು ತಿಳಿದುಬರಲು ಮತ್ತೆ ಸುಮಾರು ನೂರನಲವತ್ತು ವರ್ಷ ಬೇಕಾಯಿತು. ಬಂಗಾಳದ ಎ. ಆರ್. ಖುದಾಬಕ್ಷ್ ಅವರು 1980ರಲ್ಲಿ ಹಿಮಾಲಯದ ಮಹಶೀರಿನಲ್ಲಿಯೂ ಅನಂತರ ಅದರ ಕುಲದ ಇತರ ಜಾತಿಗಳಲ್ಲಿಯೂ ಈ ಅಧಿಕ ಸಂಖ್ಯೆಯನ್ನು ಎಣಿಸಿ ತೋರಿಸಿದರು. ನಮ್ಮ ಹೊಳೆಯ ಮೀನೊಂದು ಇಮ್ಮಡಿ ವಂಶದ್ದೆಂದು ತಿಳಿಯುವ ದಾರಿ ಹೀಗೆ ತೆರೆಯಿತು.

ಹೊರಲಕ್ಷಣವನ್ನು ಮಾತ್ರ ನೆಚ್ಚಿದರೆ ಎಂತಹ ಎಡವಟ್ಟಾಗುವುದೆಂಬುದಕ್ಕೆ ಕಾವೇರಿಯ ಕಥೆ ಸಾಕ್ಷಿ. ಅಲ್ಲಿಯ ಡುಬ್ಬದ ಮಹಶೀರ್ ಜಗತ್ಪ್ರಸಿದ್ಧವಾದುದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡು ತೂಕದ ಮೀನನ್ನು ಗಾಳಕ್ಕೆ ಹಿಡಿದಿದ್ದರು. ಇಷ್ಟು ಪ್ರಖ್ಯಾತವಾದ ಮೀನಿಗೆ ಶಾಸ್ತ್ರಸಮ್ಮತವಾದ ಹೆಸರೇ ನಿಶ್ಚಿತವಾಗಿರಲಿಲ್ಲ. ಬಹುಕಾಲ ಅದನ್ನು ಸೈಕ್ಸನ ‘ಮಸುಲ್ಲಾ’ ಎಂದೇ ಕರೆದರು. ಮಸುಲ್ಲಾ ಕೃಷ್ಣಾ ಕಣಿವೆಯ, ಬೇರೊಂದು ಕುಲದ ಮೀನೆಂದು ಆಮೇಲೆ ತಿಳಿಯಿತು. 2018ರಲ್ಲಿ ಪಿಂಡರ್, ರಾಘವನ್ ಮೊದಲಾದ ಸಂಶೋಧಕರು ದೇಹಲಕ್ಷಣದೊಡನೆ ವಂಶವಾಹಿಯ ಸಾಕ್ಷ್ಯವನ್ನೂ ಹಿಡಿದು ಅದು ‘ಟಾರ್ ರೇಮಾದೇವಿ’ ಎಂದು ನಿರ್ಣಯಿಸಿದರು. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಯನ್ನೂ ಸೇರಿತು. ಹೆಸರು ಸಿಗುವ ಹೊತ್ತಿಗೆ ಜೀವ ಹೋಗುವ ಸ್ಥಿತಿ.

ಅದು ಕ್ಷೀಣಿಸಿದುದಕ್ಕೆ ಕಾರಣಗಳು ಹಲವು. ಅವುಗಳಲ್ಲೊಂದು ಕೃಷ್ಣೆಯ ನಂಟುಳ್ಳದ್ದು. ಲೋಣಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯವರು 1970ರ ದಶಕದಿಂದ ಖುದ್ರೀ ಮಹಶೀರಿನ ಮರಿಗಳನ್ನು ಲಕ್ಷಗಟ್ಟಲೆ ಬೆಳೆಸಿ ದೇಶದ ನಾನಾ ನದಿಗಳಿಗೆ ಕೊಟ್ಟರು. ಅಳಿಯುತ್ತಿದ್ದ ಮೀನನ್ನು ಉಳಿಸುವ ಸದುದ್ದೇಶದ ಕೆಲಸವದು. 2018ರಲ್ಲಿ ಖುದ್ರೀಯನ್ನು ಅಪಾಯದ ಪಟ್ಟಿಯಿಂದ ಕೆಳಗಿಳಿಸಲಾಯಿತು. ಆ ಮರಿಗಳು ಕಾವೇರಿಯನ್ನೂ ಸೇರಿದವು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಗಾಳಗಾರರು ಬರೆದಿಟ್ಟ ಲೆಕ್ಕವನ್ನು ನೋಡಿದರೆ ನೀಲಿ ರೆಕ್ಕೆಯದು ಹೆಚ್ಚುತ್ತ ಡುಬ್ಬದ್ದು ಕುಗ್ಗುತ್ತ ಬಂದುದು ಕಾಣುತ್ತದೆ. ಭೀಮೆಯಲ್ಲಿ ಮನೆಯ ಮಗನಾಗಿದ್ದ ಮೀನು ಕಾವೇರಿಯಲ್ಲಿ ದಾಳಿಕೋರನಾಯಿತು. ಮಹಶೀರ್ ಎಂಬ ಒಂದೇ ಹೆಸರಿನಡಿಯಲ್ಲಿ ಎಲ್ಲವನ್ನೂ ಸೇರಿಸಿದ್ದರ ಫಲವಿದೆಂದು ನಾವು ಭಾವಿಸುತ್ತೇವೆ.

ಇಲ್ಲಿ ಒಂದು ಆಕ್ಷೇಪ ಏಳುವುದು ನ್ಯಾಯವೇ. ನಮ್ಮ ವಿದ್ಯಾರ್ಥಿಯೊಬ್ಬರು ಇದನ್ನೆತ್ತಿದಾಗ ನಮಗೆ ಒಡನೆ ಉತ್ತರ ತೋಚಲಿಲ್ಲ. ಇಮ್ಮಡಿ ಮೀನುಗಳು ಹುಟ್ಟಿದ್ದೇ ಬೆರಕೆಯಿಂದ ಎಂದಮೇಲೆ ಇಂದು ನದಿಗಳ ಮೀನು ಬೆರೆತರೆ ಅಳುವುದೇಕೆ? ಬೆರಕೆಯನ್ನು ನಾವು ದೂರುತ್ತಿಲ್ಲ. ಮೌನೇಶ್ವರನ ಗುಡಿಯ ಮುಂದೆ ನಿಂತು ಶುದ್ಧ ವಂಶದ ಮಾತಾಡುವ ಧೈರ್ಯ ಯಾರಿಗಿದ್ದೀತು? ಆದರೆ ಎರಡರ ಗತಿ ಬೇರೆ. ಅಂದು ಎಲ್ಲಿಯೋ ಒಂದು ಮಡುವಿನಲ್ಲಿ ನಡೆದ ಕೂಡಿಕೆ ಹೊಸದೊಂದು ವಂಶವನ್ನು ಸೇರಿಸಿತು. ಮೂಲವಂಶಗಳು ತಮ್ಮ ಪಾಡಿಗೆ ತಾವು ಬದುಕಲು ಅಡ್ಡಿಯಿರಲಿಲ್ಲ. ಇಂದು ಲಕ್ಷಗಟ್ಟಲೆ ಮರಿಗಳನ್ನು ಒಮ್ಮೆಗೇ ಸುರಿದಾಗ ಮೂಲವೇ ಮುಳುಗಿಹೋಗುತ್ತದೆ. ಸಾಮಾನ್ಯ ಗೆಂಡೆಯ ತಾಯಿಯ ಕಡೆಯ ಪೂರ್ವಜ ಯಾವುದೆಂದು ಬದುಕಿರುವ ಮೀನುಗಳಲ್ಲಿ ನಿಶ್ಚಯವಾಗಿ ಬೆರಳಿಟ್ಟು ತೋರಿಸಲಾಗಿಲ್ಲ. ಮೂಲಪ್ರತಿ ಕಳೆದ ಗ್ರಂಥವನ್ನು ಪರಿಷ್ಕರಿಸುವ ಕಷ್ಟ ನಮಗೆ ಗೊತ್ತು. ಖುದ್ರೀ, ನುಕ್ತಾ, ಮಸುಲ್ಲಾಗಳು ಹೋದರೆ ಆ ಕಷ್ಟ ಕೃಷ್ಣೆಗೂ ಬರುತ್ತದೆ.

ತಿಂಥಣಿಯ ನೀರಿನ ಇತ್ತೀಚಿನ ಇತಿಹಾಸವನ್ನು ಇದರೊಡನೆ ಇಟ್ಟು ನೋಡಬೇಕು. ಮೇಲ್ಗಡೆ ನಾರಾಯಣಪುರದ ಅಣೆಕಟ್ಟು 1982ರಲ್ಲಿ ಪೂರ್ಣವಾಯಿತು. ಅದರಾಚೆ ಆಲಮಟ್ಟಿ, ಅದಕ್ಕೆ 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟಿದ್ದರು. ಬರದ ಸೀಮೆಗೆ ನೀರು ಬಂದುದು ಸಣ್ಣ ಮಾತಲ್ಲ. ಶಹಾಪುರ, ಸುರಪುರಗಳ ಭತ್ತದ ಗದ್ದೆಗಳನ್ನು ಕಂಡವರು ಅಣೆಕಟ್ಟನ್ನು ಹಳಿಯಲಾರರು. ಮೀನಿನ ಕಡೆಯಿಂದ ಹೇಳುವುದಾದರೆ, ಮಹಶೀರ್ ಮೊಟ್ಟೆಯಿಡಲು ಹೊಳೆಯ ಮೇಲಕ್ಕೆ ಏರುವ ಮೀನು, ಅದಕ್ಕೆ ಹರಿಯುವ ತಿಳಿನೀರೂ ಕಲ್ಲುಹಾಸೂ ಬೇಕು. ರೋಹುವಿಗೂ ಮಳೆಗಾಲದ ಪ್ರವಾಹ ಬೇಕು. 1957ರಲ್ಲಿ ಹೀರಾಲಾಲ್ ಚೌಧುರಿ ಮತ್ತು ಆಲಿಕುಂಞಿಯವರು ಒಡಿಶಾದಲ್ಲಿ ಗ್ರಂಥಿಸಾರವನ್ನು ಚುಚ್ಚಿ ಗೆಂಡೆಗಳನ್ನು ಮರಿಹಾಕಿಸಿದ ಮೇಲೆಯೇ ಕೆರೆಗಳಿಗೆ ಅಂತಹ ಮೀನಿನ ಮರಿ ಹೇರಳವಾಗಿ ದೊರೆಯಿತು. ಸಾಮಾನ್ಯ ಗೆಂಡೆಗೆ ಇವಾವುದರ ಹಂಗಿಲ್ಲ. ನಿಂತ ನೀರಿನ ಜೊಂಡಿಗೆ ತನ್ನ ಅಂಟು ಮೊಟ್ಟೆಗಳನ್ನು ಹಚ್ಚಿ ತಾನೇ ಸಂಸಾರ ಬೆಳೆಸುತ್ತದೆ. ಕನ್ನಡಿ ಗೆಂಡೆಯ ತಳಿ 1939ರಲ್ಲಿ ಸಿಂಹಳದಿಂದ ನೀಲಗಿರಿಗೆ ಬಂದಿತು. ಬಯಲುಸೀಮೆಗೆ ಒಗ್ಗಿದ ಶಲ್ಕದ ತಳಿ 1957ರಲ್ಲಿ ಬ್ಯಾಂಕಾಕಿನಿಂದ ಕಟಕಕ್ಕೆ ಬಂದಿತು. ಹೀಗೆ ಹೊರಗಿನಿಂದ ಬಂದ ಒಂದು ಇಮ್ಮಡಿ ವಂಶ ಊರಿನ ಇಮ್ಮಡಿ ವಂಶದ ನೀರಿನಲ್ಲಿ ನೆಲಸಿದೆ.

ತಿಂಥಣಿಗೆ ಎರಡನೆಯ ಸಲ ಹೋದಾಗ ಸೈಕ್ಸನ 1841ರ ಚಿತ್ರಗಳ ಪ್ರತಿಗಳನ್ನು ಒಯ್ದಿದ್ದೆವು. ಅಂಬಿಗರ ಮುದುಕರು ಕನ್ನಡಕವಿಲ್ಲದೆ, ಹಾಳೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದು ಒಂದೊಂದನ್ನೇ ನೋಡಿದರು. ಕೆಲವಕ್ಕೆ ಕೂಡಲೇ ಹೆಸರು ಹೇಳಿದರು, ಕೆಲವಕ್ಕೆ ಮೊಮ್ಮಗನನ್ನು ಕೇಳಿದರು, ಅವನಿಗೂ ತಿಳಿಯಲಿಲ್ಲ. ಆ ಹೆಸರುಗಳನ್ನು ಬರೆದುಕೊಂಡಿದ್ದೇವೆ. ಹೊಳೆಯ ಗುಂಟ ಇರುವ ಇತರ ಊರುಗಳಲ್ಲಿ ನಮ್ಮ ವಿದ್ಯಾರ್ಥಿಗಳು ಇದೇ ಕೆಲಸವನ್ನು ಮುಂದುವರಿಸಲಿದ್ದಾರೆ. ಖುದ್ರೀಯ ಚಿತ್ರದ ಮೇಲೆ ಬೆರಳಿಟ್ಟು ಮುದುಕರು, “ಇದು ಯಾವ ಹೊಳಿದ್ರಿ?” ಎಂದು ಕೇಳಿದರು. ಭೀಮೆಯದೆಂದೆವು. “ಹಂಗಾದ್ರ ನಮ್ಮದ” ಎಂದು ಹಾಳೆಯನ್ನು ಹಿಂದಕ್ಕೆ ಕೊಟ್ಟು ಬಲೆಯನ್ನು ಹೊಲಿಯತೊಡಗಿದರು.